ಇಪ್ಪತ್ತೆರಡು ಲಕ್ಷ ಮಳೆ

ಜುಲೈ 7, ಬೆಳಿಗ್ಗೆ 7.20
ಮಗಳು ಪುಟ್ಟಿ ತೊಡೆಯ ಮೇಲೆ, ಲ್ಯಾಪ್‌ಟಾಪ್ ಮಂಚದ ಮೇಲೆ. ನಿದ್ದೆ ಒಟ್ಟು ಮೂರು ಗಂಟೆ. ಆರಕ್ಕೆ ಕೊಟ್ಟ ಅಪ್‌ಡೇಟ್ ಇನ್ನೂ ಓಡುತ್ತಿದೆ. ಬೆಳೆಗಾರರ ಬಳಗದ ನೂರೈವತ್ತು ಜನ, ನಲವತ್ತು ವರ್ಷದ ದಿನದಿನದ ಮಳೆ — ಒಂದೇ ಟೇಬಲ್, ಇಪ್ಪತ್ತೆರಡು ಲಕ್ಷ ಸಾಲು. ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಪಾಲು) ಇದ್ದದ್ದು ಮಿಲಿಮೀಟರ್ ಆಗಬೇಕು. ಅಷ್ಟನ್ನೂ ಒಂದೇ ಏಟಿಗೆ ಬದಲಿಸಲು ಹೊರಟೆ. ಏಳಕ್ಕೆ ಎಲ್ಲರೂ ಮಳೆ ಅಳೆದು ಆ್ಯಪ್‌ಗೆ ಹಾಕುತ್ತಾರೆ ಅನ್ನುವುದೇ ಮರೆತಿತ್ತು! ಟೇಬಲ್ ಲಾಕ್ — ನನ್ನದು ಮುಗಿಯುವವರೆಗೆ ಬೇರೆ ಯಾರೂ ಬರೆಯುವಂತಿಲ್ಲ.

ನೆಮ್ಮಾರಿನ ನಾಗಪ್ಪನವರ ಫೋನು. "ನನ್ನ ಮಳೆ ಹೋಗ್ತಾನೇ ಇಲ್ಲ ಮಾರಾಯ್ತಿ! ಮೂರಿಂಚು ಹತ್ತು ಸೆಂಟು. ಕೈಯಲ್ಲಿ ಹಿಡ್ಕಂಡು ನಿಂತಿದೀನಿ."

ನಿಲ್ಲಿಸಿದೆ. ಈಗ ಕಂಪ್ಯೂಟರು ಮಾಡಿದ್ದನ್ನೆಲ್ಲ ವಾಪಸ್ ಮಾಡುತ್ತಾ ಕೂತಿದೆ... ಅದಕ್ಕೂ ಒಂದು ಗಂಟೆ.

ಜುಲೈ 8
ಬಳಗದ ಕಾರ್ಯದರ್ಶಿ ಯಜ್ಞೇಶಣ್ಣ ಮನೆಗೇ ಬಂದರು. "ಭಾನುವಾರದೊಳಗೆ ಸರಿಯಾಗ್ದಿದ್ರೆ ಹಳೇ ನೋಟ್‌ಬುಕ್ಕೇ ಸೈ. ಬೇಜಾರು ಮಾಡ್ಕೋಬೇಡ." ಬಾಣಂತನ ಮುಗಿದ ಮೇಲೆ ಸಿಕ್ಕ ಮೊದಲ ಕೆಲಸ. ಹೋಯಿತು ಅಂತಲೇ ಲೆಕ್ಕ.

ಅತ್ತೆ: "ಅಳತೆ ಸಣ್ಣದಾದ್ರೆ ಮಳೆನೂ ಕಮ್ಮಿ ಆಗ್ತದಾ?" ಅಳುವ ಹೊತ್ತಿಗೆ ನಗು.

ಜುಲೈ 11, ಮಧ್ಯಾಹ್ನ
ಟೇಬಲ್ಲಿನ ಕಾಪಿ ಮಾಡಿಕೊಂಡು ನೋಡಿದೆ. ಇದ್ದದ್ದನ್ನೇ ತಿದ್ದಿದರೆ, ಅರ್ಧಕ್ಕೆ ನಿಂತಾಗ ಯಾವುದು ಇಂಚು ಯಾವುದು ಮಿಲಿಮೀಟರ್ ಗೊತ್ತಾಗದು. ಅದಕ್ಕೇ ಹೊಸ ಕಾಲಮ್. ಖಾಲಿ ಇರುವಲ್ಲಿ ಮಾತ್ರ ತುಂಬುವುದು. ಹತ್ತು ಸಾವಿರ ಸಾಲು, ಸೇವ್. ಮತ್ತೆ ಹತ್ತು ಸಾವಿರ. ನಡುವೆ ಬೇರೆಯವರಿಗೂ ದಾರಿ. ಹಳೇ ಕಾಲಮ್ಮಿಗೆ ಬೇಗ ಹುಡುಕಲೆಂದು ಹಾಕಿದ ಇಂಡೆಕ್ಸ್ ಬೇರೆ ಇತ್ತು — ಪ್ರತಿ ಸಾಲಿಗೂ ಅದನ್ನೂ ತಿದ್ದುತ್ತಿತ್ತು. ಹೊಸದಕ್ಕೆ ಕೊನೆಗೆ ಹಾಕಿದರಾಯಿತು.

ಹದಿನೈದು ನಿಮಿಷ! ಮೂರು ಸಲ ನೋಡಿದೆ. ಆದರೂ ಕಾಪಿಯಲ್ಲಿ ಆದದ್ದು ನಿಜದಲ್ಲಿ ಆಗುತ್ತದಾ...

ಜುಲೈ 13, ಭಾನುವಾರ, 6.55
ಐದಕ್ಕೇ ಶುರು ಮಾಡಬೇಕಿತ್ತು. ಪುಟ್ಟಿ ಬಿಡಲಿಲ್ಲ. ಈಗ ಮಲಗಿತು. ಒತ್ತಿದೆ.

7.06
ಯಾರ ಫೋನೂ ಇಲ್ಲ. ಫೋನೇ ಕೆಟ್ಟಿದೆಯಾ? ಅತ್ತೆಯ ಫೋನಿನಿಂದ ರಿಂಗ್ ಕೊಟ್ಟು ನೋಡಿದೆ. ಸರಿಯಿದೆ.

7.12
ಮುಗಿಯಿತು. ಅದು ಓಡುತ್ತಿರುವಾಗಲೇ ನೂರಾ ಹನ್ನೆರಡು ಜನರ ಇವತ್ತಿನ ಮಳೆ ಬಂದು ಕೂತಿದೆ!

ಅಷ್ಟರಲ್ಲಿ ನಾಗಪ್ಪನವರ ಫೋನು.

"ನಂದು ಎಂಬತ್ತೊಂದು ಅಂತ ತೋರಿಸ್ತಿದೆ ಮಾರಾಯ್ತಿ. ಭಂಡಿಗಡಿ ಊರಿನವ್ರದ್ದು ಎಷ್ಟು?"

"ಎಪ್ಪತ್ತಾರು."

"ಹಾಂ! ಮಿಲಿಮೀಟರೇ ಇರ್ಲಿ ಹಂಗಾದ್ರೆ."

ಹಿಂದೆಯೇ ಯಜ್ಞೇಶಣ್ಣನ ಮೆಸೇಜು: "ನರಸಿಂಹರಾಜಪುರದವ್ರೂ ಸೇರ್ತಾರಂತೆ. ಇನ್ನೂ ಹತ್ತು ಲಕ್ಷ ಸಾಲು. ಆಗ್ತದಲ್ಲ?"

ಆಗುತ್ತದೆ ಅಂತ ಬರೆದೆ. ಪುಟ್ಟಿ ಇನ್ನೂ ಎದ್ದಿಲ್ಲ — ಉಸಿರು ನೋಡಿ ಬಂದೆ, ಎರಡು ಸಲ. ಇಂಡೆಕ್ಸ್ ಒಂದು ಬಾಕಿ. ಅದನ್ನು ಹಾಕಿ, ಪುಟ್ಟಿಯ ಪಕ್ಕದಲ್ಲೇ ಸ್ವಲ್ಪ ಮಲಗಬೇ...