ನೀನು ಬದುಕಿಸಿಟ್ಟ ಮಾಂತ್ರಿಕ

ಅಕ್ಕಾ,

ನಾವಿಬ್ಬರೂ ಕಿತ್ತಾಡಿ ನಡುವೆ ಸೀಳಿಕೊಂಡಿದ್ದೆವಲ್ಲ, ಹಳೇ ಕಾಲದ ರಾಜರು, ಮಾಂತ್ರಿಕರ ಆ ದಪ್ಪ ಕಾದಂಬರಿ, ಅದು ಇವತ್ತು ಇಡಿಯಾಗಿ ಸಿಕ್ಕಿತು. ಹಳೆ ಪುಸ್ತಕದಂಗಡಿಯವನು, "ಇದನ್ನ ಎತ್ತೋಕೇ ಒಂದು ಮಂತ್ರ ಬೇಕು ಕಣಮ್ಮ" ಅಂದ. ಯುದ್ಧದಲ್ಲಿ ಕಾದುವವರು ಆ ರಾಜರು, ಮುಂದಿನ ಪುಟಕ್ಕೆ ಕಾದವರು ನಾವು. ಅದನ್ನು 'ಕಾದಂಬರಿ' ಅನ್ನುವುದು ಸುಮ್ಮನೆ ಅಲ್ಲ. ಉದ್ದವಿದ್ದಷ್ಟೂ ನಮಗೆ ಹಿತ. ಮನೆಯಲ್ಲಿ ಒಂದೇ ಕೋಣೆ, ಆ ರಾಜ್ಯದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅರಮನೆ.

ಮೊದಲರ್ಧ ನನ್ನದು, ಎರಡನೆಯದು ನಿನ್ನದು. ನಾನು ಕೇಳಿದರೆ, "ನೀನು ಓದ್ಬೇಡ, ನಾನೇ ಹೇಳ್ತೀನಿ" ಅಂತ ನೀನು ಬೀರುವಿಗೆ ಬೀಗ ಹಾಕುತ್ತಿದ್ದೆ. ಮುದಿ ಮಾಂತ್ರಿಕ ಆಸ್ಥಾನ ಬಿಟ್ಟು ಜೇನು ಸಾಕಿದ್ದು, ಜೇನ್ನೊಣ ಕಚ್ಚಿದಾಗ ಮಂತ್ರ ಮರೆತು ಓಡಿದ್ದು, ಎಲ್ಲಾ ನಿನ್ನ ಬಾಯಿಂದಲೇ ಕೇಳಿದೆ. "ನಾನೇನು ತಿಳ್ಕೋಬೇಕು ಅಂತ ಹೇಳೋಕೆ ನೀನ್ಯಾರೇ?" ಅಂತ ನಾನು ಆಮೇಲೊಮ್ಮೆ ಕಿರುಚಿದ್ದು ಬೇರೆ ವಿಷಯಕ್ಕೆ, ಬಿಡು. ಅದಾದ ಮೇಲೆ ನಮ್ಮಿಬ್ಬರಿಗೆ ಮಾತಿಲ್ಲ.

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ನಿನ್ನ ಅರ್ಧ ತೆರೆದೆ. ಮೂರನೇ ಪುಟಕ್ಕೇ ಮಾಂತ್ರಿಕ ಸತ್ತ. ಜೇನಿನ ಸುದ್ದಿಯೇ ಇಲ್ಲ.

ನೀನು ಆ ಜೇನಿನ ಕಥೆ ಹೇಳಿದ್ದು ಅಪ್ಪ ತೀರಿಕೊಂಡ ವರ್ಷ ಅಲ್ಲವೇನೇ?

ಆ ಪುಟ ಓದಿದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಪುಸ್ತಕ ಮುಚ್ಚಿದೆ, ತೆರೆದೆ, ಮತ್ತೆ ಮುಚ್ಚಿದೆ. ನಿನ್ನ ನಂಬರು ಒತ್ತಿ ಅಳಿಸಿದೆ. ಕಳಿಸುವ ಧೈರ್ಯವಿಲ್ಲದಿದ್ದರೂ ಇದನ್ನು ಗೀಚುತ್ತಿದ್ದೇನೆ. ಪುಸ್ತಕದಲ್ಲಿ ಇನ್ನೂ ಐನೂರು ಪುಟ ಬಾಕಿ ಇದೆ, ನನಗೆ ಬೇಡ.

ನೀನು ಹೇಳುತ್ತಿದ್ದ ಕಥೆ ಇನ್ನೂ ಮುಗಿದಿರಲಿಲ್ಲ.