ಯಾರ ಬಳ್ಳಿ, ಯಾರ ಕೊರಳು

ಕಪ್ಸಿರೊರ್,
ಫೆಬ್ರವರಿ ೧೧, ಭಾನುವಾರ

ಕಿಬಿವೊಟ್ ಅಣ್ಣನಿಗೆ,

‘ಪ್ರೀತಿಯ’ ಎಂಬ ಮಾತನ್ನು ಈ ಸಲ ಬಿಟ್ಟಿದ್ದೇನೆ, ಮರೆತಲ್ಲ. ನಿನ್ನ ಹಿಮ್ಮಡಿ ನೋವು ಹೇಗಿದೆ? ಜಪಾನಿನ ಚಳಿಗೆ ಅದು ಹೆಚ್ಚುತ್ತದೆ ಎಂದು ಅಮ್ಮನಿಗೆ ಚಿಂತೆ. ಅವಳು ಚೆನ್ನಾಗಿದ್ದಾಳೆ. ಮುಂದಿನ ತಿಂಗಳು ನೀನು ಪದಕ ಹಿಡಿದು ಬರುತ್ತೀಯ ಎಂದು ಈಗಿನಿಂದಲೇ ಸೋರೆಬುರುಡೆಯೊಳಗೆ ಇದ್ದಿಲು ಉಜ್ಜಿ ಮುರ್ಸಿಕ್ ಮೊಸರು ಹೆಪ್ಪಿಡುತ್ತಿದ್ದಾಳೆ, ಹುಳಿ ಸಾಲದೆಂದು ಚೆಲ್ಲುತ್ತಿದ್ದಾಳೆ, ಮತ್ತೆ ಇಡುತ್ತಿದ್ದಾಳೆ. ನಮಗೆ ಚಹಾಕ್ಕೆ ಹಾಲಿಲ್ಲ. ನನಗೆ ಕೋಪ ಬಿಟ್ಟರೆ ಬೇರೆ ಕಾಯಿಲೆಯಿಲ್ಲ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಫೋನ್ ಮಾಡುವುದು ನಮ್ಮ ಓಟದ ತಂಡದ ನಾಯಕ ತಲಾಮ್‌ಗೆ. ಅವನು ನಿನ್ನ ದನಿಯನ್ನು ಎಲ್ಲರಿಗೂ ಕೇಳುವ ಹಾಗೆ ಜೋರು ಮಾಡಿ ಹಿಡಿಯುತ್ತಾನೆ. ಅಷ್ಟು ಜನರ ನಡುವೆ ಮಾತಾಡಲು ನನಗೆ ಬರುವುದಿಲ್ಲ. ಕಾಗದವಾದರೆ ನಾನು ಮುಗಿಸುವ ತನಕ ಯಾರೂ ನಡುವೆ ಬಾಯಿ ಹಾಕುವುದಿಲ್ಲ. ನಿಮ್ಮ ಕಂಪನಿಯ ಓಟದ ತಂಡ ಸೇರಲು ಹೊರಟಿರುವ ಹುಡುಗಿಯ ಕೈಯಲ್ಲಿ ಇದನ್ನು ಕಳಿಸುತ್ತೇನೆ.

ನಮ್ಮ ಊರಿನಲ್ಲಿ ಗೆದ್ದವರು ಹೆಚ್ಚಿದಂತೆಲ್ಲ ಗುಡ್ಡದ ಸಿನೆಂಡೆಟ್ ಬಳ್ಳಿ ಕಡಿಮೆಯಾಯಿತು. ಒಬ್ಬೊಬ್ಬರು ಪದಕ ಹಿಡಿದು ಬಂದಾಗಲೂ ಕೊರಳಿಗೆ, ಕಾರಿಗೆ, ಬೇಲಿಬಾಗಿಲಿಗೆ ಎಂದು ಎಳೆದೆಳೆದು ಕಟ್ಟಿದೆವು. ಬಳ್ಳಿಯ ಜೊತೆಗೆ ಮರಗಳ ಕೊಂಬೆಗಳೂ ಹೋದವು, ಕೆಳಗಿನ ಒರತೆ ಸೊರಗಿತು. ಆಗ ಶನಿವಾರದ ದೊಡ್ಡ ಓಟವನ್ನು ಗುಡ್ಡದಲ್ಲಿ ನಿಲ್ಲಿಸಿ, ಒಬ್ಬೊಬ್ಬರ ಕೈಯಲ್ಲೂ ಒಂದು ಕಾಡು ಆಲಿವ್ ಸಸಿ, ಅದರ ಬುಡಕ್ಕೊಂದು ಬಳ್ಳಿ ನೆಡಿಸಿದವನು ನೀನೇ. “ಇನ್ಮೇಲೆ ಗೆದ್ದವರು ಅವರವರ ಮರದ ಬಳ್ಳೀನೇ ಕಟ್ಕೊಳ್ಲಿ, ಕಾಡಿಗೆ ಕೈ ಹಾಕೋದು ಬೇಡ” ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಫೋಟೋದಲ್ಲಿ ಚೆನ್ನಾಗಿ ಕಾಣಲಿ ಎಂದು ನೀನು ನಿನ್ನ ಸಸಿಯನ್ನು ಎಲ್ಲಕ್ಕಿಂತ ಮೇಲೆ, ಬಂಡೆಯ ಸಂದಿನಲ್ಲಿ ನೆಟ್ಟೆ. ಆಮೇಲೆ ವಿಮಾನ ಹತ್ತಿದೆ.

ಅಲ್ಲಿಂದ ಇಲ್ಲಿಯವರೆಗೆ ಪ್ರತಿ ಶನಿವಾರ ನಾವು ಓಟ ಮುಗಿಸಿ, ಬೆವರು ಆರುವ ಮುಂಚೆ ಕಳೆ ಕೀಳುತ್ತೇವೆ, ಆಡು ಬಾರದ ಹಾಗೆ ಮುಳ್ಳು ಕಟ್ಟುತ್ತೇವೆ. ಬೇಸಿಗೆಯಲ್ಲಿ ನಾನು ನೀರಿನ ಡಬ್ಬಿಯನ್ನು ಬೆನ್ನಿಗೆ ಕಟ್ಟಿಕೊಂಡೇ ಓಡುತ್ತೇನೆ. ನಿನ್ನ ಸಸಿಗೂ ಹಾಕಿದ್ದೇನೆ. ಮಳೆಯಲ್ಲಿ ಹುಟ್ಟಿದವನೆಂದು ನಿನಗೆ ಕಿಬಿವೊಟ್ ಎಂದು ಹೆಸರಿಟ್ಟರು, ನೀರು ಹೊತ್ತವಳು ನಾನು. ಆದರೆ ಬಂಡೆಯ ಮೇಲೆ ಸುರಿದ ನೀರು ಎಷ್ಟು ಹೊತ್ತು ನಿಂತೀತು?

ಕಳೆದ ಶನಿವಾರ ತಲಾಮ್ ಹಿಡಿದ ಫೋನಿನಿಂದ ನಿನ್ನ ದನಿ ಬಂತು. “ನಂಗೂ ನನ್ನ ಜೊತೆ ಬರೋ ಅತಿಥಿಗಳಿಗೂ ದಪ್ಪ ಹಾರ ಇರ್ಲಿ ಕಣೋ. ತಂಗಿ ಜೆರೊಟಿಚ್‌ದು ಬಳ್ಳಿ ಚೆನ್ನಾಗಿ ಹಬ್ಬಿದೆಯಂತಲ್ಲ, ಅದನ್ನೇ ಕೊಯ್ದುಬಿಡಿ. ನಮ್ಮನೇದೇ ತಾನೆ!” ನಾನು ಅಲ್ಲೇ ನಿಂತಿದ್ದೆ. ನನ್ನನ್ನು ಕೇಳಲಿಲ್ಲ. ಒಲ್ಲೆ ಎಂದು ನಾನು ತಲೆ ಆಡಿಸಿದ್ದಕ್ಕೆ ತಲಾಮ್, “ಕೊನೇಲಿ ಓಡೋಳಿಗೆ ಬಳ್ಳಿ ಯಾಕಮ್ಮ? ಯಾವ ಓಟ ಗೆದ್ದು ಕಟ್ಕೋತೀಯ?” ಎಂದು ಎಲ್ಲರನ್ನೂ ನಗಿಸಿದ. ಮನೆಗೆ ಬಂದರೆ ಅಮ್ಮ, “ಅಣ್ಣನ ಕೊರಳಿಗಿಂತ ಹೆಚ್ಚೇನೇ ನಿಂಗೆ ಆ ಸೊಪ್ಪು?” ಎಂದಳು. ನೀನು ಊರಿನಲ್ಲಿಲ್ಲದಿದ್ದರೂ ಈ ಮನೆಯಲ್ಲಿ ನೀನೇ ಮೊದಲು ಉಣ್ಣುತ್ತೀಯ.

ಆಗ ಬಾರದ ಮಾತನ್ನು ಈಗ ಬರೆಯುತ್ತೇನೆ. ಹೆಚ್ಚು. ಈ ಒಣ ತಿಂಗಳಲ್ಲಿ ಬುಡಕ್ಕೆ ಕತ್ತಿ ತಾಗಿದರೆ ಅದು ಮತ್ತೆ ಚಿಗುರುವುದಿಲ್ಲ, ನಿನ್ನ ಕೊರಳಿನಲ್ಲಿ ಅದು ಸಂಜೆಗೆ ಬಾಡುತ್ತದೆ. ನಾನು ಕೊನೆಯಲ್ಲಿ ಓಡುವುದು ಬೆನ್ನ ಮೇಲೆ ನೀರಿರುವುದರಿಂದ. ಒಂದು ದಿನ ಆ ಡಬ್ಬಿ ಹೊತ್ತು ಗುಡ್ಡ ಹತ್ತು, ಆಮೇಲೆ ಇಬ್ಬರೂ ಗಡಿಯಾರ ನೋಡೋಣ. ನಿನ್ನ ಅತಿಥಿಗಳಿಗೆ ಹಾರ ಬೇಕಾದರೆ ಪೇಟೆಯಲ್ಲಿ ಪ್ಲಾಸ್ಟಿಕ್ಕಿನದು ಸಿಗುತ್ತದೆ, ಅದಕ್ಕೆ ಯಾರೂ ನೀರು ಹಾಕಿರುವುದಿಲ್ಲ.

ಅಮ್ಮನ ಆಶೀರ್ವಾದ ಇದರೊಳಗಿದೆ. ನನ್ನ ಕಡೆಯಿಂದ ಸದ್ಯಕ್ಕೆ ಏನೂ ಇಲ್ಲ. ಹಿಮ್ಮಡಿಗೆ ಎಣ್ಣೆ ತಿಕ್ಕಿಕೊಂಡು ಮಲಗು.

ನಿನ್ನ ತಂಗಿ,
ಜೆರೊಟಿಚ್

ತಾ.ಕ.: ಸೋಮವಾರ ಬೆಳಿಗ್ಗೆ. ಅವಸರ, ಹುಡುಗಿ ಹೊರಟು ನಿಂತಿದ್ದಾಳೆ. ಕೊಯ್ಯುವ ದಿನಕ್ಕೆ ಗುರುತು ಹಾಕುತ್ತೇನೆಂದು ತಲಾಮ್ ಮಚ್ಚು ಹಿಡಿದು ಗುಡ್ಡಕ್ಕೆ ಬಂದಿದ್ದ. ನಾನು ನನ್ನ ಮರವನ್ನು ತಬ್ಬಿ ನಿಂತೆ. ಗೆದ್ದವರಿಗೆಲ್ಲ ಬಳ್ಳಿ ಕಟ್ಟುವ ಅರಪ್ ಸುಗುಟ್ ಅಜ್ಜನೂ ಕೋಲೂರಿಕೊಂಡು ಬಂದಿದ್ದರು. “ಯಾರ ಮರ ಇದು?” ಎಂದರು. ತಲಾಮ್ ನನ್ನ ಹೆಸರು ಹೇಳಿದ. “ಕಿಬಿವೊಟ್‌ದು ಯಾವ್ದು?” ಎಂದರು. ಅವನು ಬಂಡೆಯ ಕಡೆ ಕೈ ತೋರಿಸಿದ. “ಅವರವರದ್ದೇ ಕಟ್ಕೊಳ್ಲಿ ಅಂದೋನು ಅವನೇ ಅಲ್ವೇನೋ? ನಾನು ಅದನ್ನೇ ಕಟ್ತೀನಿ” ಎಂದು ಬಂಡೆ ಹತ್ತಿ, ನಿನ್ನ ಬಳ್ಳಿಯನ್ನು ಕೀಳದೆ ತಮ್ಮ ಕೈಗೆ ಸುತ್ತಿ ಅಳತೆ ನೋಡಿದರು. ಮಣಿಕಟ್ಟಿಗೆ ಒಂದು ಸುತ್ತು ಬಂತು. ಯಾರೂ ನಗಲಿಲ್ಲ. ಆದ್ದರಿಂದ, ಕಾರಿನಿಂದ ಇಳಿದಾಗ ಕತ್ತು ಬಗ್ಗಿಸಬೇಡ ಅಣ್ಣ. ಕೈ ಚಾಚು.