ಬಾಗಿಲಿಂದಲೇ ವಾಪಸ್ಸು ಹೋದ ತಾರಾ

ಜೂನ್ 4, ಮಂಗಳವಾರ, ಬೆಳಿಗ್ಗೆ

ಬಟ್ಟೆ ಒಣಹಾಕಿ ಬಂದೆ. ಇವರ ಎರಡು ಬನಿಯನ್ನಿನಲ್ಲಿ ತೂತು. ಎಸೆಯಲು ಬಿಡುವುದಿಲ್ಲ. "ಗಾಳಿ ಬರುತ್ತೆ, ಇರಲಿ ಬಿಡು." ಮಿಲಿಟರಿಯಲ್ಲಿ ಇಪ್ಪತ್ತು ವರ್ಷ ಇದ್ದು ಕಲಿತದ್ದು ಈ ಒಂದು ಮಾತು — ಬಿಡು.

ವಾರಗಿತ್ತಿ ಬಂದಿದ್ದಳು. ಹಿಂದಿನ ಬೀದಿಯಿಂದ ಇಲ್ಲಿಗೆ ಬರಲು ಪೌಡರ್ ಬೇರೆ. ಕಂಕುಳಲ್ಲಿ ಗೋಡೆಯ ಫ್ರೇಮು, ಹೊಸ ಗಾಜು ಹಾಕಿಸಿದಳಂತೆ. ಒಳಗೆ ಮೈದುನನ ಮೂರು ಪದಕ. ಒಂದು ಬಹಳ ವರ್ಷ ಇದ್ದದ್ದಕ್ಕೆ, ಒಂದು ಚಳಿ ಜಾಗದಲ್ಲಿ ಇದ್ದದ್ದಕ್ಕೆ, ಇನ್ನೊಂದು ಸುಮ್ಮನೆ ಇದ್ದದ್ದಕ್ಕೆ. ಹೋಗಿ ಐದು ವರ್ಷವಾಯಿತು, ಸತ್ತವರ ಬಗ್ಗೆ ಆಡಬಾರದು. ಆದರೂ ಅವನು ಉಗ್ರಾಣದಲ್ಲಿ ಕಂಬಳಿ ಹಂಚುತ್ತಿದ್ದವನು. ಇವರು ಗುಂಡಿನ ನಡುವೆ ಲಾರಿ ಓಡಿಸಿದವರು.

ಮಾಜಿ ಸೈನಿಕರ ಸಂಘದ ಹಾಲ್‌ನಲ್ಲಿ ಕಲ್ಲಿನ ಬೋರ್ಡು ಬರುತ್ತದಂತೆ. ಎಲ್ಲರ ಹೆಸರು, ಹೆಸರಿನ ಎದುರಿಗೆ ಪದಕ.

"ಭಾವನವರ ಹೆಸರಿನ ಎದುರಿಗೆ ಏನು ಕೆತ್ತಿಸ್ತೀರಕ್ಕ? ಖಾಲಿ ಬಿಟ್ರೆ ಚೆನ್ನಾಗಿ ಕಾಣಲ್ಲ. ಒಂದು ಹೂವಿನ ಚಿತ್ರನಾದ್ರೂ ಹಾಕ್ಸಿ."

"ಹೂವು ಯಾಕೆ, ನಿನ್ನ ನಾಲಿಗೆ ಚಿತ್ರ ಹಾಕಿಸ್ತೀನಿ. ಉದ್ದ ಇದೆ, ಜಾಗ ತುಂಬುತ್ತೆ."

ನಕ್ಕಳು. ಅವಳು ನಕ್ಕರೆ ನನ್ನ ಹೊಟ್ಟೆಯೊಳಗೆ ಒಲೆ ಹೊತ್ತಿಕೊಳ್ಳುತ್ತದೆ. ಮದುವೆಯಾಗಿ ಬಂದಾಗಿನಿಂದ ಹೀಗೇ. ಅವಳ ಬಣ್ಣ, ಅವಳ ಜಡೆ, ಅವಳಿಗೆ ಎಲ್ಲರಿಗಿಂತ ಮೊದಲು ಗಂಡು ಮಗು... ಈಗ ಕಲ್ಲಿನ ಮೇಲೂ ಅವಳೇ ಮುಂದೆ.

ಜೂನ್ 5

ಇವರು ಕೊಡೆಯ ಕಡ್ಡಿ ಸರಿಮಾಡುತ್ತಿದ್ದರು. ಎದುರಿಗೆ ಹೋಗಿ ನಿಂತೆ.

"ನಿಮಗೆ ಒಂದೂ ಪದಕ ಕೊಡ್ಲಿಲ್ವಾ?"

"ಒಂದು ಕೊಟ್ಟಿದ್ರು."

"ಎಲ್ಲಿ?"

"ಬರ್ಲಿಲ್ಲ. ಮನೆಗೆ ಕಳಿಸ್ತೀವಿ ಅಂದಿದ್ರು. ರಿಟೈರ್ ಆಗುವಾಗ ಕೇಳ್ದೆ, ಸರ್ವಿಸ್ ಪುಸ್ತಕದಲ್ಲೇ ಇಲ್ಲ ಅಂದ್ರು. ಬಿಡು."

ಉಪ್ಪಿನ ಡಬ್ಬಿ ಎಲ್ಲಿ ಎಂದು ದಿನಕ್ಕೆ ಹತ್ತು ಸಲ ಕೇಳುವ ಬಾಯಿ ಇದನ್ನು ಐವತ್ತು ವರ್ಷ ಹೇಳಲಿಲ್ಲ! ಕೆದಕಿ ಕೆದಕಿ ಕೇಳಿದ ಮೇಲೆ ಬಂತು. ಮುಂದಿನ ಟೈರು ಒಡೆದ ಲಾರಿ, ಹಿಂದೆ ಗಾಯವಾದ ಹನ್ನೊಂದು ಜನ. ಏಳು ಮೈಲಿ. ಹನ್ನೊಂದೂ ಜನ ಬದುಕಿದರು. ಅಷ್ಟು ಹೇಳಿ ಮತ್ತೆ ಕೊಡೆ ಹಿಡಿದುಕೊಂಡರು.

ಈ ಮನುಷ್ಯ ಹೇಳದೆ ಇಟ್ಟುಕೊಂಡದ್ದು ಇದೊಂದೇ ಅಲ್ಲ. ಅವಳ ವಿಷಯವೂ ಇದೆ. ತಾರಾ. ಗಡಿಯಿಂದ ಒಂದೇ ಒಂದು ಕಾಗದದಲ್ಲಿ ಅವಳ ಹೆಸರು ಬರೆದಿದ್ದರು. ಆಮೇಲೆ ಮಗಳು ಹುಟ್ಟಿದಾಗ, ನಾಚಿಕೆಯಿಲ್ಲದೆ, "ತಾರಾ ಅಂತ ಹೆಸರಿಡೋಣವಾ?" ಮೂರು ದಿನ ಊಟ ಬಿಟ್ಟೆ. ಬೇರೆ ಹೆಸರು ಇಟ್ಟರು. ಯಾಕೆ ಎಂದು ಅವರೂ ಕೇಳಲಿಲ್ಲ, ಯಾರವಳು ಎಂದು ನಾನೂ ಕೇಳಲಿಲ್ಲ. ಈಗ ಅವಳಿಗೂ ಹಲ್ಲು ಉದುರಿರಬೇಕು. ಉದುರಲಿ.

ಜೂನ್ 10

ಮೊಮ್ಮಗಳನ್ನು ಕರೆದುಕೊಂಡು ಸಂಘಕ್ಕೆ ಹೋದೆ. ಮಗಳ ಮಗಳು, ಕೋರ್ಟಿನ ಎದುರಿಗೆ ಟೈಪಿಂಗ್ ಅಂಗಡಿ ಇಟ್ಟಿದ್ದಾಳೆ. ಅರ್ಜಿ ಎಂದರೆ ಅವಳಿಗೆ ನೀರು ಕುಡಿದ ಹಾಗೆ. ಗುಮಾಸ್ತ ಒಬ್ಬನಿದ್ದಾನೆ, ಕನ್ನಡಕದ ಒಂದು ಕಾಲಿಗೆ ದಾರ. ಇವರ ಸರ್ವಿಸ್ ಪುಸ್ತಕದ ನಕಲು ತೆಗೆದ. ಪದಕಗಳು — ಇಲ್ಲ. ಅಷ್ಟೇ. ಇಪ್ಪತ್ತು ವರ್ಷಕ್ಕೆ ಒಂದು 'ಇಲ್ಲ'.

"ತಿದ್ದಿಸಬಹುದಮ್ಮ. ದಾಖಲೆ ಕಚೇರಿಗೆ ಬರೀಬೇಕು. ಜೊತೇಲಿ ಇದ್ದೋರ ಸಾಕ್ಷಿ ಬೇಕು."

"ಹನ್ನೊಂದು ಜನ ಬದುಕಿದ್ರಲ್ಲ, ಅದು ಸಾಕ್ಷಿ ಅಲ್ವಾ?"

"ಅವರಲ್ಲಿ ಯಾರಾದ್ರೂ ಈಗಲೂ ಬದುಕಿರಬೇಕಲ್ಲಮ್ಮ."

ಒಬ್ಬರಿದ್ದಾರೆ. ಇವರು 'ರೇಡಿಯೊ' ಎಂದು ಕರೆಯುವ ಸ್ನೇಹಿತರು. ಅಲ್ಲಿ ವೈರ್‌ಲೆಸ್ ನೋಡಿಕೊಳ್ಳುತ್ತಿದ್ದರಂತೆ, ಇಲ್ಲಿ ಬಾಯಿ ಮುಚ್ಚುವುದೇ ಇಲ್ಲ. ಫೋನಿನಲ್ಲಿ ಒಂದು ಗಂಟೆ ಹೇಳಿದರು, ಮೊಮ್ಮಗಳು ಇಂಗ್ಲಿಷಿನಲ್ಲಿ ಟೈಪ್ ಮಾಡಿದಳು. ನನಗೆ ಒಂದಕ್ಷರ ತಿಳಿಯಲಿಲ್ಲ. ಇವರು ಸಹಿ ಹಾಕಿದರು. "ಸುಮ್ನೆ ಯಾಕೆ" ಅಂದರು. ನಾನು ನೋಡಿದ ನೋಟಕ್ಕೆ ಸುಮ್ಮನಾದರು.

ಜೂನ್ 22

ಇವತ್ತು ಹೇಳಿಯೇಬಿಟ್ಟೆ ವಾರಗಿತ್ತಿಗೆ.

"ನಮ್ಮೋರದ್ದು ಒಂದು ಬರುತ್ತೆ. ಒಂದೇ. ಆದ್ರೆ ಕಂಬಳಿ ಮಡಿಚಿದ್ದಕ್ಕೆ ಬಂದಿದ್ದಲ್ಲ. ಅವತ್ತೇ ಅಂಚೇಲಿ ಕಳಿಸಿದ್ರಂತೆ, ಎಲ್ಲೋ ಕಳೆದುಹೋಗಿದೆ."

ಜಗಳಕ್ಕೆ ಬರುತ್ತಾಳೆ ಎಂದುಕೊಂಡಿದ್ದೆ. "ಅಂಚೇಲಾ...?" ಅಂದಳು. ಅರ್ಧ ಟೀ ಲೋಟದಲ್ಲೇ ಬಿಟ್ಟು ಎದ್ದು ಹೋದಳು. ಉರಿಯಲಿ. ಐವತ್ತು ವರ್ಷ ನಾನು ಉರಿದಿಲ್ಲವೇ? ಉಳಿದ ಟೀ ನಾನೇ ಕುಡಿದೆ. ಇಷ್ಟು ರುಚಿಯಾದ ಟೀ ಇತ್ತೀಚೆಗೆ ಕುಡಿದ ನೆನಪಿಲ್ಲ.

ಆಗಸ್ಟ್ 19

ಬೋರ್ಡು ತೆರೆದರು. ನಾನು ಹೋಗಲಿಲ್ಲ, ಮಂಡಿನೋವು ಅಂದೆ. ಮೊಮ್ಮಗಳು ಫೋಟೊ ತೋರಿಸಿದಳು. ಮೈದುನನ ಹೆಸರಿನ ಎದುರಿಗೆ ಮೂರು ಸಾಲು. ಇವರ ಹೆಸರು, 'ಚಾಲಕ', ಆಮೇಲೆ ಬರೀ ಕಲ್ಲು. ಅಷ್ಟು ನುಣುಪಾದ ಕಲ್ಲು ನೋಡಿರಲಿಲ್ಲ.

ಇವರು ಮಾತ್ರ ಹೋಗಿ ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟಿ ಬಂದರು.

ಅಕ್ಟೋಬರ್ 8, ಮಧ್ಯಾಹ್ನ

ದಾಖಲೆ ಕಚೇರಿಯ ಕಾಗದ ಬಂತು. ಮೊಮ್ಮಗಳು ನಡುಮನೆಯಲ್ಲಿ ನಿಂತು ಕನ್ನಡದಲ್ಲಿ ಬಿಡಿಸಿ ಹೇಳಿದಳು. ಇವರು ಕುರ್ಚಿಯಲ್ಲಿ. ನಾನು ಬೆಳ್ಳುಳ್ಳಿ ಸುಲಿಯುತ್ತಿದ್ದೆ.

"ತಾತಂಗೆ ಪದಕ ಮಂಜೂರಾಗಿದ್ದು ನಿಜ ಅಂತೆ ಅಜ್ಜಿ! ಹೆಸರು ಗಡಿ ತಾರಾ. ಮನೆ ವಿಳಾಸಕ್ಕೆ ರಿಜಿಸ್ಟರ್ಡ್ ಪೋಸ್ಟಲ್ಲಿ ಕಳಿಸಿದ್ರಂತೆ. ಆದ್ರೆ..."

ಆದರೆ ಮನೆಯವರು ತೆಗೆದುಕೊಳ್ಳುವುದಿಲ್ಲ ಎಂದು ಬರೆದು ವಾಪಸ್ಸು ಕಳಿಸಿದರಂತೆ. ಬೇಡ ಎಂದ ಮೇಲೆ ಪುಸ್ತಕದಿಂದಲೂ ಹೊಡೆದುಹಾಕಿದರಂತೆ. ಹಳೆಯ ಚೀಟಿಯ ಜೆರಾಕ್ಸ್ ಜೊತೆಯಲ್ಲಿದೆ.

ಬೆಳ್ಳುಳ್ಳಿ ಬಿಟ್ಟು ಚೀಟಿ ನೋಡಲು ಎದ್ದೆ.

ಚೀಟಿಯ ಸಹಿಯ ಮೇಲೆ ಮಸಿ ಹರಡಿದೆ. ಕೊನೆಯ 'ಮ್ಮ' ಮಾತ್ರ ಕಾಣುತ್ತದೆ. ಇವರು ಚೀಟಿ ಇಸಿದುಕೊಂಡು ಬೆಳಕಿಗೆ ಹಿಡಿದರು, ನೋಡಿದರು, ವಾಪಸ್ಸು ಕೊಟ್ಟರು. ಕೊಡೆ ತೆಗೆದುಕೊಂಡು ಹೊರಗೆ ಹೋದರು. ಹೊರಗೆ ಮಳೆಯೂ ಇಲ್ಲ, ಬಿಸಿಲೂ ಇಲ್ಲ.

ಅಕ್ಟೋಬರ್ 9

ಬರೆಯುತ್ತೇನೆ. ಇಲ್ಲಿ ಅಲ್ಲದೆ ಇನ್ನೆಲ್ಲಿ.

ಇವರು ಗಡಿಯಿಂದ ಬರೆದ ಆ ಕಾಗದ ನನಗೆ ಬಾಯಿಪಾಠ. "ತಾರಾ ಸಿಕ್ಕಿತು. ಮೇಜರ್ ಸಾಹೇಬರೇ ಮುಂದೆ ನಿಂತು ಮಾಡಿಸಿಕೊಟ್ಟರು. ಇನ್ನು ನನ್ನ ಎದೆ ಖಾಲಿ ಇಲ್ಲ. ನಾನು ಬರುವ ಮುಂಚೆಯೇ ಮನೆಗೆ ಬರುತ್ತದೆ. ಜೋಪಾನವಾಗಿ ನೋಡಿಕೋ."

ಪದಕ ಎಂಬ ಮಾತು ಎಲ್ಲಿದೆ ಇದರಲ್ಲಿ? ಮೂರು ವರ್ಷ ಶಾಲೆಗೆ ಹೋದವಳು ನಾನು, ಓದಲು ಬರುತ್ತಿತ್ತು. 'ಸಿಕ್ಕಿತು', 'ಬರುತ್ತದೆ' ಎಂದಿದೆ, 'ಸಿಕ್ಕಿದಳು', 'ಬರುತ್ತಾಳೆ' ಎಂದಿಲ್ಲ. ಅದನ್ನೂ ಗಮನಿಸಿದೆ. ಹುಡುಗಿಯರನ್ನು ಮುದ್ದಿಗೆ ಹಾಗೇ ಅಲ್ಲವೇ ಕರೆಯುವುದು — ಬಂತು, ಹೋಯ್ತು, ಮಲಗ್ತು. ನನ್ನನ್ನು ಒಂದು ದಿನವೂ ಹಾಗೆ ಕರೆದವರಲ್ಲ. ಅವಳಿಗೆ ಮುದ್ದು ಬೇರೆ! ಆ 'ಸಿಕ್ಕಿತು' ನನ್ನನ್ನು ಸುಟ್ಟಷ್ಟು ಬೇರೇನೂ ಸುಟ್ಟಿಲ್ಲ.

ಹದಿನೈದು ದಿನಕ್ಕೆ ಅಂಚೆಯವನು ಬಂದ. ಸಣ್ಣ ಪೊಟ್ಟಣ. ಮೇಲೆ 'ಗಡಿ ತಾರಾ' ಎಂದು ಬರೆದಿದೆ. ಕಳಿಸಿದವಳ ಹೆಸರು ಎಂದುಕೊಂಡೆ. ಗಡಿಯ ಕಡೆಯವಳು, ತಾನು ಬರುವ ಮುಂಚೆ ಉಡುಗೊರೆ ಕಳಿಸಿ ಬುಟ್ಟಿಗೆ ಹಾಕಿಕೊಳ್ಳಲು ನೋಡುತ್ತಿದ್ದಾಳೆ. "ಈ ಮನೇಲಿ ಅವಳಿಗೆ ಜಾಗ ಇಲ್ಲ ಅಂತ ಬರ್ಕೋ" ಅಂದೆ. ಬರೆದುಕೊಂಡ. ಸಹಿ ಹಾಕಿದೆ.

ರಜೆಗೆ ಬಂದಾಗ ಕೇಳಿದರು, "ಅಂಚೇಲಿ ಏನಾದ್ರೂ ಬಂತಾ?" ಇಲ್ಲ ಅಂದೆ.

ಐವತ್ತೆರಡು ವರ್ಷ ಒಂದು ತುಂಡು ಕಂಚಿನ ಮೇಲೆ ಹೊಟ್ಟೆಕಿಚ್ಚುಪಟ್ಟೆ.

ಸಂಜೆ

ಮೊಮ್ಮಗಳು ಗುಮಾಸ್ತನನ್ನು ಕೇಳಿ ಬಂದಳು. ಪೊಟ್ಟಣ ಬೇಡ ಅಂದವರೇ ಯಾಕೆ ಬೇಡ ಅಂದೆವು ಎಂದು ಪ್ರಮಾಣಪತ್ರ ಬರೆದುಕೊಟ್ಟರೆ ಪದಕವನ್ನು ಪುಸ್ತಕಕ್ಕೆ ಮತ್ತೆ ಸೇರಿಸುತ್ತಾರಂತೆ. ಇಲ್ಲದಿದ್ದರೆ ಇಲ್ಲ.

"ಅಜ್ಜಿ, ಈ 'ಮ್ಮ' ಯಾರದು?"

"ಆಗ ಎರಡೂ ಸಂಸಾರ ಒಂದೇ ಮನೇಲಿ ಇದ್ವು. ಇಬ್ಬರ ಹೆಸರೂ ಅಮ್ಮ ಅಂತಲೇ ಮುಗಿಯುತ್ತೆ. ನನಗೇನು ಗೊತ್ತು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಬೆರಳಿಗೆ ಮಸಿ ಇದೆಯೇ ಎಂದು ನೋಡಿಕೊಂಡೆ. ಮೊಮ್ಮಗಳ ಮುಖ ಕೆಂಪಾಯಿತು. "ಚಿಕ್ಕಜ್ಜಿನೇ ಇರಬೇಕು. ಹೊಟ್ಟೆಕಿಚ್ಚಿಗೆ!" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದಳು. ತಡೆಯಬೇಕಿತ್ತು. ತಡೆಯಲಿಲ್ಲ.

ಅಕ್ಟೋಬರ್ 11, ಬೆಳಿಗ್ಗೆ ಹತ್ತು

ವಾರಗಿತ್ತಿ ಬಂದಳು. ಪೌಡರ್ ಇಲ್ಲ. ಹಿಂದೆ ಮೊಮ್ಮಗಳು ಫೈಲು ಹಿಡಿದು ಪೊಲೀಸಿನವಳ ಹಾಗೆ. ಇವರು ಪೇಪರು ತರಲು ಹೋಗಿದ್ದರು.

"ಎಲ್ಲಿ ಸಹಿ ಹಾಕ್ಬೇಕು ಹೇಳು. ನಾನೇ ವಾಪಸ್ ಕಳಿಸಿದ್ದು ಅಂತ ಬರ್ಕೋ" ಅಂದಳು.

ಅವಳ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದೆ.

"ನಿನಗೇನು ತಲೆ ಕೆಟ್ಟಿದೆಯಾ? ನೀನೆಲ್ಲಿ ಕಳಿಸ್ದೆ?"

"ನೀವು ಅಂಚೆಯವನನ್ನ ಬೈತಿದ್ದಾಗ ನಾನು ಇಲ್ಲೇ ಒಲೆ ಮುಂದೆ ಇದ್ದೆ ಅಕ್ಕ. ಅದು ಪದಕ ಅಂತ ನನಗೆ ಗೊತ್ತಿತ್ತು. ನಮ್ಮೋರು ಬರೆದಿದ್ರು — ಅಣ್ಣಂಗೆ ತಾರಾ ಪದಕ ಬಂತು, ನನಗೆ ಏನೂ ಇಲ್ಲ ಅಂತ. ಓದಿ ಹೊಟ್ಟೆ ಉರಿದಿತ್ತು. ಒಂದು ಮಾತು ಹೇಳಿದ್ರೆ ಆಗ್ತಿತ್ತು. ಸುಮ್ನಿದ್ದೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಅದಕ್ಕೇ, ನಾನೇ ಹಾಕ್ತೀನಿ. ನೀವು ಯಾಕೆ ಭಾವನ ಎದುರು ಸಣ್ಣೋರಾಗ್ತೀರ?"

ನನಗಾಗಿ ತಪ್ಪು ಹೊತ್ತುಕೊಳ್ಳುತ್ತಾಳಂತೆ. ಇನ್ನು ಊರೆಲ್ಲ ಅವಳದೇ ದೊಡ್ಡ ಮನಸ್ಸು. ಇವರ ಕಣ್ಣಲ್ಲೂ. ಬಣ್ಣದಲ್ಲಿ ಮುಂದೆ, ಪದಕದಲ್ಲಿ ಮುಂದೆ, ಈಗ ಪುಣ್ಯದಲ್ಲೂ ಮುಂದೆ! ಅದೊಂದನ್ನು ಮಾತ್ರ ಬಿಟ್ಟುಕೊಡಲಾರೆ.

"ಮುಚ್ಚು ಬಾಯಿ. ಆ 'ಮ್ಮ' ನಂದು. ನಿನ್ನ ಕೈಯಲ್ಲಿ ಅಷ್ಟು ಚೆಂದದ ಒತ್ತು ಬರುತ್ತಾ?"

"ಚೆಂದವಾ? ಮೇಲಿನ ಅಕ್ಷರಕ್ಕಿಂತ ಒತ್ತೇ ದಪ್ಪ. ಗಂಡನ ಹೆಗಲ ಮೇಲೆ ಕೂತಿರೋ ನಿಮ್ಮ ಹಾಗೆ."

"ಒತ್ತು ಕೂರೋದು ಕೆಳಗೆ ಕಣೇ, ಹೆಗಲ ಮೇಲಲ್ಲ. ಶಾಲೆಗೆ ಸರಿಯಾಗಿ ಹೋಗಿದ್ರೆ ಗೊತ್ತಿರ್ತಿತ್ತು."

ಇಬ್ಬರೂ ನಕ್ಕೆವು. ಮೊದಲ ಸಲ ಒಲೆ ಹೊತ್ತಿಕೊಳ್ಳಲಿಲ್ಲ. ಸ್ವಲ್ಪ ಹೊಗೆಯಾಡಿತು, ಅಷ್ಟೇ.

ಅಕ್ಟೋಬರ್ 14

ಮೊಮ್ಮಗಳಿಗೆ ನಡೆದದ್ದೆಲ್ಲ ಹೇಳಿದ್ದೆ, ಟೈಪ್ ಮಾಡಿ ತಂದಳು. ಕೋರ್ಟಿನ ಭಾಷೆ. "...ಸದರಿ ಪೊಟ್ಟಣದ ಮೇಲಿದ್ದ ತಾರಾ ಎಂಬ ಹೆಸರನ್ನು ಪರಸ್ತ್ರೀಯೆಂದು ತಪ್ಪಾಗಿ ಭಾವಿಸಿ ಹಿಂದಿರುಗಿಸಿರುತ್ತೇನೆ, ಇದರಲ್ಲಿ ನನ್ನ ಪತಿಯವರ ಯಾವುದೇ ಲೋಪವಿರುವುದಿಲ್ಲ." ಟೈಪ್ ಮಾಡುವಾಗ ನಕ್ಕು ನಕ್ಕು ಎರಡು ಸಲ ಹಾಳೆ ಕೆಡಿಸಿದಳಂತೆ. ಚಿಕ್ಕಜ್ಜಿಯ ಹತ್ತಿರ ಹೋಗಿ ತಪ್ಪಾಯಿತು ಎಂದು ಬಾ ಅಂದೆ. "ನೀನೂ ಬಾ" ಅಂದಳು. ನಾಲಿಗೆ ನನ್ನದೇ ಬಂದಿದೆ.

ಇದು ಕಚೇರಿಗೆ ಹೋಗುವ ಮುಂಚೆ ಇವರಿಗೆ ಹೇಳಬೇಕು. ನಾಳೆ.

ಅಕ್ಟೋಬರ್ 15, ಮಧ್ಯಾಹ್ನ

ಹೇಳಿದೆ. ಪ್ರಮಾಣಪತ್ರವನ್ನೇ ಕೈಗೆ ಕೊಟ್ಟೆ.

ಓದಿದರು. "ಆ 'ಮ್ಮ' ನೋಡಿದಾಗಲೇ ಗೊತ್ತಾಯ್ತು ನೀನೇ ಅಂತ. ಯಾಕೆ ಅಂತ ಮಾತ್ರ ಗೊತ್ತಾಗಿರ್ಲಿಲ್ಲ. ನಾನು ಮಿಲಿಟರೀಲಿ ಇದ್ದಿದ್ದೇ ನಿನಗೆ ಇಷ್ಟ ಇರ್ಲಿಲ್ಲ ಅಂದ್ಕೊಂಡೆ."

ಒಂದು ವಾರ ಹಾಗೆ ಅಂದುಕೊಂಡು ನನ್ನ ಕೈ ಟೀ ಕುಡಿದರು. ಒಂದು ಮಾತಿಲ್ಲ.

ಮತ್ತೆ ಓದಿದರು. 'ಪರಸ್ತ್ರೀ' ಬಂದ ಜಾಗದಲ್ಲಿ ಬೆರಳಿಟ್ಟರು. ನಗಲು ಶುರುಮಾಡಿದರು, ಕೆಮ್ಮು ಬಂತು, ನೀರು ಕೊಟ್ಟೆ. ಆಮೇಲೆ ನಗು ನಿಂತಿತು.

"ಅದಕ್ಕೇ ಮಗಳಿಗೆ ಆ ಹೆಸರು ಬೇಡ ಅಂದ್ಯಾ? ಪದಕ ಅಂತೂ ಬರ್ಲಿಲ್ಲ, ಹೆಸರಾದ್ರೂ ಮನೇಲಿ ಇರ್ಲಿ ಅಂತ ಕೇಳಿದ್ದೆ."

ಹೌದೆಂದು ತಲೆಯಾಡಿಸಿ ಲೋಟ ಎತ್ತಿಟ್ಟೆ.

"ಇನ್ನೊಬ್ಬಳಿದ್ದಾಳೆ ಅಂತ ತಿಳ್ಕೊಂಡೂ ಐವತ್ತೆರಡು ವರ್ಷ ನನ್ನ ಜೊತೆ ಇದ್ಯಾ?"

"ಬಿಟ್ಟು ಹೋಗಿದ್ರೆ ಅವಳು ಬಂದು ಕೂತ್ಕೋತಿದ್ದಳಲ್ಲ!"

ಪ್ರಮಾಣಪತ್ರ ನನ್ನ ಕಡೆ ಸರಿಸಿದರು. 'ಬಿಡು' ಎನ್ನಲಿಲ್ಲ. "ಎಲ್ಲಿ, ಸಹಿ ಹಾಕು. ಒತ್ತು ದಪ್ಪ ಇರ್ಲಿ, ಅವರಿಗೂ ಗುರುತು ಸಿಗ್ಲಿ" ಅಂದರು.

ಮಾರ್ಚ್ 6, ಬೆಳಿಗ್ಗೆ ಹನ್ನೊಂದು

ಸಂಘದ ಗುಮಾಸ್ತ ಹೋದ ವಾರ ಫೋನ್ ಮಾಡಿದ್ದ. ಪುಸ್ತಕದಲ್ಲಿ ಸೇರಿಸಿದರಂತೆ, ಪದಕವನ್ನು ಅಂಚೆಗೆ ಹಾಕಿದ್ದಾರಂತೆ. ಕಲ್ಲು ಕೆತ್ತುವವನು ಭಾನುವಾರ ಬರುತ್ತಾನೆ. ಅವಳಿಗೆ ಮೂರು ಸಾಲು, ನನಗೆ ಒಂದು. ಅಕ್ಷರ ದೊಡ್ಡದು ಹಾಕು ಎಂದು ಹೇಳಿಸಿದ್ದೇನೆ.

ಇವರು ಬೆಳಿಗ್ಗೆಯಿಂದ ಬಾಗಿಲ ಹತ್ತಿರವೇ ಕೂತಿದ್ದಾರೆ. ಗಾಳಿಗಂತೆ. ತೂತಿಲ್ಲದ ಬನಿಯನ್ನು ಹಾಕಿಕೊಂಡಿದ್ದಾರೆ. ವಾರಗಿತ್ತಿಯೂ ಬಂದಿದ್ದಾಳೆ, ಸಕ್ಕರೆ ಕೇಳುವ ನೆಪ. ಕೈಯಲ್ಲಿ ಖಾಲಿ ಫ್ರೇಮು ಏಕೆ ಎಂದರೆ, "ದಾರೀಲಿ ಸಿಕ್ತು" ಎನ್ನುತ್ತಾಳೆ.

ಗೇಟಿನ ಸದ್ದು. ಅಂಚೆಯವಳು — ಈಗ ಹೆಂಗಸು ಬರುತ್ತಾಳೆ. ಸಣ್ಣ ಪೊಟ್ಟಣ. ಇವರು ಎದ್ದು ನಿಂತಿದ್ದಾರೆ. ಕೈ ಚಾಚಲಿಲ್ಲ, ನನ್ನ ಕಡೆ ನೋಡುತ್ತಿದ್ದಾರೆ. "ಬಂತು ನೋಡೇ, ನಿನ್ನ ಸವತಿ!"

ಮನೆಯವರ ಸಹಿ ಬೇಕಂತೆ. ಇಡೀ ಮನೆಯಲ್ಲಿ ಬರೆಯುವ ಪೆನ್ನು ಇದೊಂದೇ, ಕೊಡಬೇ